ಕನ್ನಡಕದ ದೊರೆಯ ಕಾಗದ

ರಾಜಾಜಿನಗರದಲ್ಲಿ ನಾವು ಸಂಸಾರ ಹೂಡಿದ ಹೊಸತರಲ್ಲಿ ನಮ್ಮ ಬೀದಿಗೆ ಪೋಸ್ಟ್‌ಮನ್ ಬರುತ್ತಿದ್ದುದೇ ಅಪರೂಪ. ಬಂದರೆ ನಮ್ಮ ಮನೆಗೇ. ಎರಡು ಮೂರು ತಿಂಗಳಿಗೊಮ್ಮೆ ಸ್ವೀಡನ್ ದೇಶದಿಂದ ನಮ್ಮ ಯಜಮಾನರಿಗೆ ಒಂದು ಕಾಗದ. ಅದನ್ನು ನಿಂತಲ್ಲೇ ಓದಿ, ಒಬ್ಬರೇ ನಕ್ಕು, ಸೈನ್ಯದಿಂದ ತಂದ ಕಪ್ಪು ಟ್ರಂಕಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ನನಗೆ ಇಂಗ್ಲಿಷು ಬಾರದು. ಆ ನಗು ಕಂಡರೆ ಮೈಯೆಲ್ಲ ಉರಿಯುತ್ತಿತ್ತು.

ಕೆಂಗೇರಿಯ ಒಕ್ಕಲು ಮನೆಯಿಂದ ಸೈನ್ಯಕ್ಕೆ ಸೇರಿ ಗುಮಾಸ್ತರಾಗಿದ್ದವರು ಅವರು. ಕೊರಿಯಾದಲ್ಲಿ ಯುದ್ಧ ನಿಂತ ಮೇಲೆ ಸೆರೆಯಾಳುಗಳನ್ನು ಕಾಯಲು ನಮ್ಮ ದೇಶದ ಪಡೆ ಹೋದಾಗ ಜೊತೆಗೆ ಹೋಗಿದ್ದರು. ಮೇಲ್ವಿಚಾರಣೆಗೆಂದು ಬಂದಿದ್ದ ಸ್ವೀಡನ್ನಿನ ಅಧಿಕಾರಿಯೊಬ್ಬ ಅಲ್ಲಿ ಸ್ನೇಹಿತನಾದನಂತೆ. ಈಗ ಅವನು ತನ್ನೂರಿನಲ್ಲಿ ಸರ್ಕಾರಿ ಕಚೇರಿಯಲ್ಲಿದ್ದಾನಂತೆ. ಎಲ್ಲವೂ ಅಂತೆ. ಅಷ್ಟು ದೊಡ್ಡ ಮನುಷ್ಯ ಕೆಂಗೇರಿಯವರಿಗೆ ಯಾಕೆ ಬರೆದಾನು? ಬರೆಯುವುದು ಹೆಂಗಸೇ ಎಂದು ತೀರ್ಮಾನಿಸಿಬಿಟ್ಟೆ.

ಕೇಳಿದರೆ ಏನೇನೋ ಹೇಳುತ್ತಿದ್ದರು. ಅಂಚೆಚೀಟಿಯಲ್ಲಿದ್ದ ಕನ್ನಡಕದ ಮುದುಕನೇ ಆ ದೇಶದ ದೊರೆಯಂತೆ. ನಮ್ಮ ಮಹಾರಾಜರನ್ನು ದಸರೆಯ ಪಟದಲ್ಲಿ ನೋಡಿದ್ದ ನಾನು, ಕಿರೀಟ ಪೇಟ ಏನೂ ಇಲ್ಲದ ದೊರೆಯನ್ನು ನಂಬುವುದು ಹೇಗೆ? ಅಲ್ಲಿ ಸಾಹುಕಾರನ ಮಗನೂ ಸ್ವಲ್ಪ ಕಾಲ ಸೈನ್ಯದಲ್ಲಿ ದುಡಿಯಲೇಬೇಕಂತೆ. ಇನ್ನೊಂದು ದಿನ ಕಾಗದ ಹಿಡಿದು ಬಂದು ಹೇಳಿದರು.

"ಅಲ್ಲಿ ಯಾರು ಬೇಕಾದ್ರೂ ಕಚೇರಿಗೆ ಹೋಗಿ ಫೈಲ್ ತೋರ್ಸಿ ಅನ್ಬೋದು ಕಣೇ. ತೋರಿಸ್ಲೇಬೇಕು."

ಸುಳ್ಳಿಗೂ ಒಂದು ಮಿತಿ ಬೇಡವೇ ಎಂದು ಎದ್ದು ಒಳಗೆ ಹೋದೆ.

ಸೈನ್ಯ ಬಿಟ್ಟ ಮೇಲೆ ಅವರಿಗೆ ಇಲ್ಲಿನ ಒಂದು ಸರ್ಕಾರಿ ಕಚೇರಿಯಲ್ಲಿ ಹಂಗಾಮಿ ಕೆಲಸ ಸಿಕ್ಕಿತ್ತು. ಪೊಲೀಸರಿಂದ ಒಳ್ಳೆಯ ವರದಿ ಹೋದರೆ ಖಾಯಂ, ಇಲ್ಲವಾದರೆ ಮನೆಗೆ. ಅದನ್ನೇ ಕಾಯುತ್ತಿದ್ದರು.

ಒಂದು ಮಧ್ಯಾಹ್ನ ಬಿಳಿ ಶರಟಿನವರೊಬ್ಬರು ಬಂದು ಯಜಮಾನರ ಬಗ್ಗೆ ವಿಚಾರಿಸಿದರು. ಕಚೇರಿಯ ಹಿರಿಯರಿರಬೇಕು, ಇವರಿಗೆ ನಾಲ್ಕು ಬುದ್ಧಿಮಾತು ಹೇಳಲಿ ಎಂದು ಕೂರಿಸಿ ಕಾಫಿ ಕೊಟ್ಟೆ. ಪೊಲೀಸರೆಂದರೆ ಟೋಪಿ, ಲಾಠಿ ಇರುತ್ತವೆ ಎಂದೇ ನನ್ನ ತಿಳುವಳಿಕೆ. ಮನೆಗೆ ಯಾರು ಬರುತ್ತಾರೆ, ಯಾರ ಜೊತೆ ಒಡನಾಟ ಎಂದು ಮೆಲ್ಲಗೆ ಕೇಳಿದರು. ಹೊಟ್ಟೆಯಲ್ಲಿದ್ದುದೆಲ್ಲ ಬಾಯಿಗೆ ಬಂತು.

"ಫಾರಿನ್ನಿಂದ ಕಾಗದ ಬರ್ತವೆ ಸ್ವಾಮಿ. ಟ್ರಂಕಲ್ಲಿಟ್ಟು ಬೀಗ ಹಾಕ್ತಾರೆ. ನನಗೂ ತೋರ್ಸಲ್ಲ."

ಅವರು ಪುಟ್ಟ ಪುಸ್ತಕದಲ್ಲಿ ಬರೆದುಕೊಂಡು, ಕಾಫಿ ಚೆನ್ನಾಗಿತ್ತು ಎಂದು ಹೇಳಿ ಹೊರಟರು.

ಎರಡು ತಿಂಗಳಿಗೆ ಯಜಮಾನರ ಕೆಲಸ ಹೋಯಿತು. ಕಾರಣ ಫೈಲಿನಲ್ಲಿದೆ, ತೋರಿಸುವಂತಿಲ್ಲ ಎಂದರಂತೆ. ಅವತ್ತು ಅವರಿಗೆ ಟ್ರಂಕಿಗೆ ಬೀಗ ಹಾಕುವ ಗಮನವೂ ಇರಲಿಲ್ಲ. ಕಾಗದಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಪಕ್ಕದ ಮನೆಯ ಮೇಷ್ಟರಿಂದ ಓದಿಸಿದೆ. ಹಿಮ, ಕಚೇರಿ, ಮಕ್ಕಳ ಕೆಮ್ಮು. ಫೈಲಿನ ಮಾತೂ ಇತ್ತು. ಪ್ರತಿಯೊಂದರ ಕೊನೆಗೂ ಆ ಗಂಡಸು ನನಗೊಂದು ನಮಸ್ಕಾರ ಬರೆದಿದ್ದ. ತೋರಿಸುವುದಿಲ್ಲ ಎಂದದ್ದು ನನ್ನ ಸುಳ್ಳು. ಓದಿ ಹೇಳಲು ಬಂದಾಗಲೆಲ್ಲ ಎದ್ದು ಹೋದವಳು ನಾನೇ.

ಆಮೇಲೆ ಅವರು ಒಂದು ಕಾರ್ಖಾನೆ ಸೇರಿದರು. ಅನುಮಾನ ಈಗ ಅವರಿಗೆ ಹತ್ತಿಕೊಂಡಿತು. ಪೋಸ್ಟ್‌ಮನ್, ಮೇಷ್ಟರು, ಎದುರುಮನೆಯವರು, ಒಬ್ಬರನ್ನೂ ಬಿಡಲಿಲ್ಲ, ನನ್ನನ್ನು ಬಿಟ್ಟು.

"ಆ ದೇಶದಲ್ಲಿದ್ದಿದ್ರೆ ಫೈಲ್ ಕೇಳ್ಬೋದಾಗಿತ್ತು ಕಣೇ," ಎನ್ನುತ್ತಿದ್ದರು. "ಯಾರು ಹೇಳಿದ್ದು ಅಂತ ನೋಡ್ಬೋದಾಗಿತ್ತು."

ನಾನು ತಲೆ ಬಗ್ಗಿಸಿ ಅಕ್ಕಿ ಆರಿಸುತ್ತಿದ್ದೆ. ನಾವು ಆ ದೇಶದಲ್ಲಿ ಹುಟ್ಟದಿದ್ದುದಕ್ಕೆ ಒಳಗೊಳಗೇ ದೇವರಿಗೆ ಕೈಮುಗಿಯುತ್ತಿದ್ದೆ.