ಎರಡು ಬಾಲ, ಮೂರು ಬಾಲ

ಕಳೆದ ಭಾನುವಾರ ಬೆಳಿಗ್ಗೆ, ಗಂಗಾವತಿಯ ನಮ್ಮಕ್ಕನ ಮನೆಯ ಬಚ್ಚಲಲ್ಲಿ ನಾನು ಕಸಬರಿಗೆ ಎತ್ತಿಕೊಂಡು ನಿಂತಿದ್ದೆ. ಎದುರಿಗೆ ಒಂದು ಜೀರುಂಡೆ.

(ಹುಡುಗರು ಹಿಡಿದು ದಾರ ಕಟ್ಟುವ ಹಸಿರು ಹೊಳಪಿನ ಹುಳ ಅಲ್ಲ. ಗೋಡೆಯ ಸಂದಿಯಲ್ಲಿ ಕೂತು ಚಿರ್ರ್ ಎನ್ನುತ್ತದಲ್ಲ, ಆ ಕರಿಯ ಹುಳ.)

"ಏ ತಮ್ಮಾ, ಹೊಡೀಬ್ಯಾಡೋ!" ಅಡುಗೆಮನೆಯಿಂದ ಶಾಂತಕ್ಕ ಓಡಿ ಬಂದಳು.

"ನಿನ್ನೆಯಿಂದ ಚೀರಿ ಚೀರಿ ತಲಿ ತಿಂದೈತಿ ಅಕ್ಕಾ."

"ಚೀರಿದ್ದು ಇದಲ್ಲ. ಇದರ ಗಂಡ ಎಲ್ಲೋ ಬಾಗಲ ಹಿಂದ ಅದಾನ. ಇದು ಹೆಣ್ಣೈತಿ. ಬಾಲ ಎಣಿಸಿ ನೋಡು."

ಬಾಲ ಎಣಿಸುವುದೇ? ನಾನು ಫೋನು ತೆಗೆದೆ. ಫೋಟೋ ಹೊಡೆದರೆ ಹುಳದ ಹೆಸರು ಹೇಳುವ ಆ್ಯಪ್ ಒಂದಿದೆ ನನ್ನ ಹತ್ತಿರ. ಅದು ಮೊದಲು ಜಿರಲೆ ಎಂದಿತು. ಎರಡನೇ ಫೋಟೋಗೆ ‘ಫೀಲ್ಡ್ ಕ್ರಿಕೆಟ್’ ಎಂದು ಹೇಳಿ ಕೈತೊಳೆದುಕೊಂಡಿತು. ಗಂಡೋ ಹೆಣ್ಣೋ? ಆ ಸುದ್ದಿಯೇ ಇಲ್ಲ.

ಶಾಂತಕ್ಕ ಏಳನೇ ಇಯತ್ತೆಗೇ ಸಾಲೆ ಬಿಟ್ಟವಳು. ಅವಳಿಗೆ ಯಾವ ಆ್ಯಪ್ಪೂ ಬೇಕಿರಲಿಲ್ಲ. ಬಚ್ಚಲ ಹೊಸ್ತಿಲಿಗೆ ಕುಕ್ಕರಗಾಲಲ್ಲಿ ಕೂತು ಬೆರಳು ಮಾಡಿ ತೋರಿಸತೊಡಗಿದಳು.

"ರೆಕ್ಕಿ ಬುಡಕ್ಕ ಎರಡು ಹಳದಿ ಚುಕ್ಕಿ ಅದಾವಲ್ಲ, ಅದು ಈ ಜಾತಿ ಗುರುತು. ಗಂಡಿಗೂ ಇರ್ತಾವ, ಹೆಣ್ಣಿಗೂ ಇರ್ತಾವ. ಮೀಸಿ ನೋಡು, ಮೈಗಿಂತ ಉದ್ದ. ಹಿಂದ ಆ ಕಡೆ ಈ ಕಡೆ ಎರಡು ಸಣ್ಣ ಬಾಲ. ಅವೂ ಎರಡಕ್ಕೂ ಇರ್ತಾವ. ಆದ್ರ ಇದಕ್ಕ ನಡುವ ಮತ್ತೊಂದೈತಿ, ದಬ್ಬಣದ್ಹಂಗ. ಅದನ್ನ ಮಣ್ಣಾಗ ಚುಚ್ಚಿ ತತ್ತಿ ಇಡ್ತೈತಿ. ಮೂರು ಬಾಲ ಇದ್ರ ಹೆಣ್ಣು ಅಂತ ತಿಳಿ."

"ಹೆಣ್ಣು ಹಾಡೂದ ಇಲ್ಲೇನು?"

"ಹೆಂಗ ಹಾಡ್ತೈತಿ? ಗಂಡಿನ ರೆಕ್ಕಿ ಸುಕ್ಕುಸುಕ್ಕಾಗಿರ್ತಾವ. ಒಂದಕ್ಕೊಂದು ತಿಕ್ಕೇ ಅದು ಹಾಡೂದು. ಇದರ ರೆಕ್ಕಿ ನೋಡು, ಇಸ್ತ್ರಿ ಮಾಡಿದ್ಹಂಗ ಅದಾವ."

ನನ್ನ ಕೈಯಲ್ಲಿದ್ದ ಕಸಬರಿಗೆ ತಾನಾಗಿಯೇ ಕೆಳಗಿಳಿಯಿತು. ಯಾಕೆ ಅಂತೀರಾ? ನಲವತ್ತು ವರ್ಷ ಯಾರಿಗೂ ಹೇಳದ ಮಾತೊಂದಿದೆ. ಇವತ್ತು ನಿಮಗೆ ಹೇಳಿಬಿಡುತ್ತೇನೆ.

ನಾವು ಬೆಳೆದದ್ದು ತಳಕಲ್‌ನಲ್ಲಿ. ಶೇಂಗಾ ಕಿತ್ತ ಕಾಲಕ್ಕೆ ಹೊಲದಲ್ಲಿ ಒಟ್ಟಿದ ಬಳ್ಳಿಯನ್ನು ಸ್ವಲ್ಪ ಎತ್ತಿದರೆ ಸಾಕು, ಕೆಳಗೆ ಜೀರುಂಡೆಗಳು. ಹಿಡಿದು ಖಾಲಿ ಬೆಂಕಿಪೆಟ್ಟಿಗೆಗೆ ಹಾಕುವುದು, ಉಸಿರಾಡಲಿ ಎಂದು ಜಾಲಿಮುಳ್ಳಿನಿಂದ ತೂತು ಮಾಡುವುದು, ತಿನ್ನಲಿ ಎಂದು ಸೌತೆಕಾಯಿ ಚೂರು ಇಡುವುದು. ಸಂಜೆ ಓಣಿಯ ಮಕ್ಕಳೆಲ್ಲ ನಮ್ಮ ಮನೆಯ ಕಟ್ಟೆಯ ಮೇಲೆ ಪೆಟ್ಟಿಗೆಗಳನ್ನು ಸಾಲಾಗಿ ಇಡುತ್ತಿದ್ದೆವು. ಯಾರದು ಮೊದಲು ಹಾಡುತ್ತದೋ ಆ ದಿನ ಅವರದೇ ಕಾರುಬಾರು. ಟೀವಿ ಇಲ್ಲ, ಕರೆಂಟೂ ಇದ್ದರೆ ಇತ್ತು ಇಲ್ಲದಿದ್ದರೆ ಇಲ್ಲ. ಎಂಥ ಸುಖದ ಸಂಜೆಗಳು ಅವು! ಈಗಲೂ ಸೌತೆಕಾಯಿ ಹೆಚ್ಚುವ ವಾಸನೆಗೆ ನನಗೆ ಆ ಕಟ್ಟೆ ನೆನಪಾಗುತ್ತದೆ.

ಒಂದು ವರ್ಷ ಸತತ ಮೂರು ದಿನ ಶಾಂತಕ್ಕನದೇ ಮೊದಲು ಹಾಡಿತು. ನನ್ನದು ಚಕಾರ ಎತ್ತಲಿಲ್ಲ. "ನಿಂದು ಮೂಕ ಐತಲೇ" ಎಂದು ಓಣಿಯೆಲ್ಲ ನಕ್ಕಿತು. ನಾಲ್ಕನೇ ದಿನ ಅವಳು ನೀರಿಗೆ ಹೋದಾಗ ನಾನು ಹುಳಗಳನ್ನು ಅದಲುಬದಲು ಮಾಡಿಬಿಟ್ಟೆ.

ಅವತ್ತು ನನ್ನ ಪೆಟ್ಟಿಗೆ ಹಾಡಿತು. ನಾನು ಕುಣಿದೆ. ಶಾಂತಕ್ಕ ತನ್ನ ಪೆಟ್ಟಿಗೆ ತೆರೆದು ನೋಡಿದಳು, ಮುಚ್ಚಿದಳು, ಅಳತೊಡಗಿದಳು. ನಾನು ಸುಮ್ಮನಾದರೂ ಇರಬಹುದಿತ್ತು. ಇರಲಿಲ್ಲ. "ನೀ ಸರಿಯಾಗಿ ಸೌತಿಕಾಯಿ ಹಾಕಿಲ್ಲ, ಅದಕ್ಕ ಜಡ್ಡು ಬಂದೈತಿ" ಎಂದು ಎಲ್ಲರ ಎದುರು ಹೇಳಿದೆ. ಅವಳು ಮತ್ತೆಂದೂ ಹುಳ ಹಿಡಿಯಲಿಲ್ಲ.

ತನ್ನ ಕೈಯಿಂದಲೇ ಹುಳ ಕೆಟ್ಟಿತು ಎಂದು ಅವಳು ನಂಬಿದ್ದಾಳೆ ಅಂದುಕೊಂಡೇ ನಾನು ದೊಡ್ಡವನಾದೆ. ಹೇಳಬೇಕೆಂದು ಎಷ್ಟು ಸಲ ಹೊರಟಿಲ್ಲ! ಪ್ರತಿ ದಸರೆಗೂ ಕೊಪ್ಪಳದಿಂದ ಬಸ್ಸು ಹತ್ತಿ ಹೋಗಿ ಅವಳಿಗೆ ಬನ್ನಿ ಕೊಟ್ಟು ಕಾಲು ಮುಟ್ಟುತ್ತೇನೆ. "ಬಂಗಾರದಂಗ ಇರೂಣು" ಅನ್ನುತ್ತೇನೆ. ವರ್ಷದ ಜಗಳವೆಲ್ಲ ಆ ಎಲೆಯ ಜೊತೆ ಮುಗಿಯಬೇಕಲ್ಲವೇ? ನನ್ನ ಮಾತು ನಾಲಗೆಯ ತುದಿಗೆ ಬಂದು ವಾಪಸು ಹೋಗುತ್ತಿತ್ತು. ಒಂದು ಹುಳದ ವಿಷಯ, ಈ ವಯಸ್ಸಿನಲ್ಲಿ ಅದನ್ನೇನು ಹೇಳುವುದು? (ಹೇಡಿಗಳೆಲ್ಲ ಹೀಗೇ ಅನ್ನುವುದು.)

ಈಗ ಬಚ್ಚಲಲ್ಲಿ ಕೇಳಿದೆ. "ಈ ಬಾಲದ ಲೆಕ್ಕ ನಿನಗ ಯಾವಾಗಿಂದ ಗೊತ್ತು?"

"ತಳಕಲ್‌ದಾಗಿಂದ. ಮೂರು ದಿನ ಪೆಟಗಿ ತಗದು ತಗದು ನೋಡ್ತಿದ್ದೆನಲ್ಲ. ನನ್ನದಕ್ಕ ಎರಡ ಬಾಲ ಇದ್ವು. ನಾಕನೇ ದಿನ ನೋಡ್ತೀನಿ, ಮೂರು! ಒಂದ ದಿನದಾಗ ಬಾಲ ಬೆಳಿತೈತೇನೋ ಹುಚ್ಚಾ?"

ನನಗೆ ಕೂರಬೇಕು ಅನಿಸಿತು. ಬಚ್ಚಲಲ್ಲಿ ಎಲ್ಲಿ ಕೂರುವುದು?

"ಮತ್ತ ಅತ್ತಿದ್ದ್ಯಾಕ ಅಕ್ಕಾ?"

"ಹುಳಕ್ಕ ಅಳಲಿಲ್ಲೋ. ಕದ್ದವ ನೀನು. ಮ್ಯಾಲ ನಾ ಸೌತಿಕಾಯಿ ಹಾಕಿಲ್ಲ ಅಂತ ತಪ್ಪು ನನ್ನ ಮ್ಯಾಲ ಹಾಕಿದೆಲ್ಲ, ಅದಕ್ಕ ಅತ್ತೆ."

"ಅವ್ವಗ ಹೇಳಬೇಕಿಲ್ಲೇನು?"

"ಹೇಳಿದ್ರ ನಿನ್ನ ಚರ್ಮ ಸುಲೀತಿದ್ಲು. ನೀನ ಹೇಳ್ತಿ ಅಂತ ಕಾದೆ. ಬನ್ನಿ ಕೊಡಾಕ ಬಂದಾಗೆಲ್ಲ, ಈ ವರ್ಷ ಹೇಳ್ತಾನ, ಈ ವರ್ಷ ಹೇಳ್ತಾನ ಅನ್ಕೊಂತಿದ್ದೆ."

ಐವತ್ತು ದಾಟಿದ ನಾನು ಕಸಬರಿಗೆ ಕೆಳಗಿಟ್ಟು, ಕೈಕಟ್ಟಿ ನಿಂತು ಹೇಳಿದೆ. "ಅಕ್ಕಾ, ಅದನ್ನ ಕದ್ದವ ನಾನ. ತಪ್ಪಾತು."

"ಹೂಂ" ಎಂದಳು. ಸೆರಗಿನಿಂದ ಕಣ್ಣೊರೆಸಿಕೊಂಡಳು. ಹುಳವನ್ನು ಒಂದು ಕಾಗದದ ಮೇಲೆ ಹತ್ತಿಸಿಕೊಂಡು ಹೋಗಿ ಹಿತ್ತಲಲ್ಲಿ ಬಿಟ್ಟು ಬಂದಳು. "ಚಾ ಆರ್ತೈತಿ, ಬಾ" ಎಂದು ಒಳಗೆ ನಡೆದಳು.

ಮನಸ್ಸು ಹಗುರಾಯಿತು ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಆಗಲಿಲ್ಲ. ಇಷ್ಟು ವರ್ಷ ಆ ಕಳ್ಳತನವನ್ನು ಮುಚ್ಚಿಟ್ಟವನು ನಾನು ಅಂದುಕೊಂಡಿದ್ದೆ. ಮುಚ್ಚಿಟ್ಟವಳು ಅವಳು.

ನೀವೂ ಯಾರಿಗೋ ಇಂಥದ್ದೊಂದು ಮಾತು ಹೇಳದೆ ಉಳಿಸಿಕೊಂಡಿದ್ದೀರಾ? ಅವರಿಗೆ ಅದು ಗೊತ್ತಿಲ್ಲ ಎಂದು ನಿಮಗೆ ಹೇಳಿದವರಾದರೂ ಯಾರು?