ಸುಮ್ಮನೆ ಕುಂತವರ ಎಣಿಕೆ

ಭೀಮಶಾ ಕಾಕಾ ಹಾಡು ಕೇಳುವಾಗ ಒಂದೊಂದೇ ಬೆರಳು ಮಡಿಚುತ್ತಿದ್ದರು. ನೋಡಿದವರು ತಾಳ ಹಾಕುತ್ತಿದ್ದಾರೆ ಅಂದುಕೊಳ್ಳುತ್ತಿದ್ದರು. ಮೊದಮೊದಲು ನಾನೂ ಹಾಗೇ ತಿಳಿದಿದ್ದೆ. ಅವರು ಎಣಿಸುತ್ತಿದ್ದದ್ದು ಮಂದಿಯನ್ನು. ಆ ಹಾಡು ರೆಕಾರ್ಡ್ ಆದ ಹೊತ್ತಿನಲ್ಲಿ ಆ ಕೋಣೆಯಲ್ಲಿ ಹಾಡುವವರ ಜೊತೆ ಬಾಯಿ ತೆರೆಯದೆ ಎಷ್ಟು ಜನ ಕುಳಿತಿದ್ದರು ಎಂಬುದನ್ನು.

"ಹಾಡೋರನ್ನ ಎಲ್ಲಾರೂ ಕೇಳ್ತಾರ್ರೀ ಸರ್. ಸುಮ್ಮ ಕುಂತೋರನ್ನ ಯಾರ್ ಕೇಳಬೇಕು?" ಅನ್ನುತ್ತಿದ್ದರು.

ನಮ್ಮ ಊರಿನ ಗಾಜಿಪುರ ಬಡಾವಣೆಯ ಒಂದು ಓಣಿಯಲ್ಲಿ ಅವರ ರೇಡಿಯೋ ರಿಪೇರಿ ಅಂಗಡಿ ಇತ್ತು. ಒಬ್ಬರು ಕುಳಿತರೆ ಇನ್ನೊಬ್ಬರು ನಿಂತೇ ಇರಬೇಕಾದಷ್ಟು ಜಾಗ. ಮನೆ ಊರಾಚೆಯ ಕಮಲಾಪುರದಲ್ಲಿ. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಬರುವಾಗ ಎರಡೂ ಕಿವಿಗೆ ಹತ್ತಿ ತುರುಕಿಕೊಂಡು ಬರುತ್ತಿದ್ದರು. ಹಾರ್ನಿನ ಹೊಲಸು ಕಿವಿಯೊಳಗೆ ಹೋದರೆ ಇಡೀ ದಿನದ ಕೆಲಸ ಕೆಡುತ್ತದೆ ಎಂದು ಅವರ ತಕರಾರು. ಅಂಗಡಿಯ ಬಾಗಿಲು ತೆಗೆದ ಮೇಲೆ ಹತ್ತಿಯನ್ನು ಅಂಗಿಯ ಜೇಬಿಗೆ ಇಳಿಸುವರು. ಯಾವನಾದರೂ ಗಿರಾಕಿ ದನಿ ಏರಿಸಿದರೆ ಅದೇ ಹತ್ತಿ ಮರಳಿ ಕಿವಿಗೆ ಹೋಗುತ್ತಿತ್ತು. ಆಮೇಲೆ ಅವನು ಎಷ್ಟು ಕೂಗಿದರೂ ಕಾಕಾ ನಗುನಗುತ್ತಾ ಬೆಸುಗೆ ಹಾಕುತ್ತಾ ಇರುವರು. ಮಾತಾಡುವ ಮೊದಲು ನಶ್ಯದ ಡಬ್ಬಿಯ ಮೇಲೆ ಉಗುರಿನಿಂದ ಎರಡು ಸಲ ಟಕ್ ಟಕ್ ಅನ್ನಿಸುವುದು ಇನ್ನೊಂದು ಚಾಳಿ.

ನಾನು ಅವರ ಬಳಿ ಹೋದದ್ದು ನನ್ನ ಹುಚ್ಚಿನ ಕೊನೆಯ ಹಂತದಲ್ಲಿ. ಹೈಸ್ಕೂಲಿನಲ್ಲಿ ಗಣಿತ ಹೇಳುವ ನನಗೆ ಒಳ್ಳೆಯ ಸ್ಪೀಕರು, ದೊಡ್ಡ ಆಂಪ್ಲಿಫೈಯರು, ಹಳೆಯ ಕ್ಯಾಸೆಟ್ ಡೆಕ್ಕು ಎಲ್ಲ ಕೂಡಿಬಂದಿದ್ದವು. ಕೂಡಿಬಾರದೆ ಉಳಿದದ್ದು ಪ್ರೀಆಂಪ್. ಕ್ಯಾಸೆಟ್ಟಿನ ಸಣ್ಣ ದನಿಯನ್ನು ಮೊದಲು ಎತ್ತಿ ಹದ ಮಾಡಿ ದೊಡ್ಡ ಆಂಪ್ಲಿಫೈಯರಿಗೆ ದಾಟಿಸುವ ಡಬ್ಬಿ ಅದು. ಮೂರು ಪ್ರೀಆಂಪ್ ತಂದೆ. ಒಂದು ಮುಂಬೈಯಿಂದ ಕೊರಿಯರಿನಲ್ಲಿ ಬಂತು, ಒಂದು ಹೈದರಾಬಾದಿನಿಂದ ಸೆಕೆಂಡ್ ಹ್ಯಾಂಡು, ಮತ್ತೊಂದನ್ನು ಪರಿಚಯದ ಇಂಜಿನಿಯರ್ ಒಬ್ಬರು ಜೋಡಿಸಿಕೊಟ್ಟರು. ಮೂರರಲ್ಲೂ ನಾನು ಹಾಕಿ ಕೇಳುತ್ತಿದ್ದದ್ದು ಒಂದೇ ಕ್ಯಾಸೆಟ್ಟು.

ಅದರಲ್ಲಿ ನನ್ನ ಅವ್ವ ಇದ್ದಳು. ನಾನು ಶಾಲೆಯಲ್ಲಿದ್ದಾಗ ಖೂಬಾ ಪ್ಲಾಟ್ ಬಡಾವಣೆಯ ನಮ್ಮ ಮನೆಯ ಪಡಸಾಲೆಯಲ್ಲಿ ಅವ್ವ ಮತ್ತು ಇಬ್ಬರು ನೆರೆಯ ಹೆಂಗಸರು ಸೋಮವಾರದ ಭಜನೆ ಮಾಡುತ್ತಿದ್ದುದನ್ನು ನಾನೇ ರೆಕಾರ್ಡ್ ಮಾಡಿದ್ದೆ. ಭಜನೆ ಮುಗಿದ ಮೇಲೆ ಅವ್ವ ನನ್ನ ಕಡೆ ತಿರುಗಿ, "ಸಾಕಿನ್ನ, ಬಂದ್ ಮಾಡಪಾ" ಅನ್ನುತ್ತಾಳೆ. ಟೇಪಿನಲ್ಲಿ ಅವಳು ಆಡಿದ ಮಾತು ಅದೊಂದೇ. ನನ್ನ ಕಾಲೇಜು ಮುಗಿಯುವ ಮೊದಲೇ ಅವಳು ತೀರಿಕೊಂಡಳು.

ಮೂರು ಡಬ್ಬಿಯಲ್ಲಿ ಆ ಮಾತು ಮೂರು ಬಗೆಯಾಗಿ ಕೇಳಿಸುತ್ತಿತ್ತು. ಅತ್ತೆಯನ್ನು ಕಣ್ಣಿಂದ ಕಾಣದ ನನ್ನ ಹೆಂಡತಿ ಸುನಂದಾ, "ಮೂರು ಡಬ್ಬಿ, ಮೂರು ಅತ್ತಿ. ಯಾರಿಗಿ ನಮಸ್ಕಾರ ಮಾಡ್ಲಿ ಹೇಳ್ರಿ" ಎಂದು ಚೇಷ್ಟೆ ಮಾಡಿದಳು. ನಾನು ನಕ್ಕೆ, ಆದರೆ ಯಾವುದು ಅವ್ವನ ದನಿ ಎಂದು ನನಗೇ ಗೊತ್ತಾಗುತ್ತಿರಲಿಲ್ಲ. ಕೇಳಿ ಕೇಳಿ ಅಸಲು ದನಿಯನ್ನು ನಾನೇ ಮರೆಯುತ್ತಿದ್ದೆ. ಆ ಭಯವನ್ನು ಹೊತ್ತುಕೊಂಡೇ ನಾನು ಗಾಜಿಪುರಕ್ಕೆ ಹೋದದ್ದು.

ಕಾಕಾ ಮನೆಗೆ ಬಂದರು. ಫ್ಯಾನ್ ಬಂದ್ ಮಾಡಿಸಿ, ನೆಲದ ಮೇಲೆ ಕುಳಿತು, ಮೂರನ್ನೂ ಕೇಳಿದರು. ಮೊದಲನೆಯದಕ್ಕೆ, "ಇದು ಎಣ್ಣಿ ಹಚ್ಚಿ ತಲಿ ಬಾಚಿದಂಗ ಅದ" ಅಂದರು. ಎರಡನೆಯದಕ್ಕೆ, "ಇದು ಬರೇ ಹಲ್ಲ ತೋರಸ್ತದ." ಮೂರನೆಯದನ್ನು ತುಸು ಹೊತ್ತು ಕೇಳಿ ತಲೆ ಅಲ್ಲಾಡಿಸಿದರು.

"ಛಂದ ಅದರೀ. ಖರೆ ಇಲ್ಲ."

ಈ 'ಖರೆ' ಎಂಬುದು ಅವರ ಒಂದೇ ಅಳತೆ. ಉಳಿದದ್ದೆಲ್ಲ ಅವರ ಪಾಲಿಗೆ ಬರಿ ಅಲಂಕಾರ. "ದೊಡ್ಡ ಡಬ್ಬಿ ಪಾಪ, ಬರೇ ಜೋರ್ ಮಾಡ್ತದ. ಸಣ್ಣ ಡಬ್ಬಿ ಸುಳ್ಳ ಹೇಳ್ತಂದ್ರ ದೊಡ್ಡದು ಆ ಸುಳ್ಳನ್ನೇ ಓಣಿಗೆಲ್ಲ ಹೇಳ್ತದರೀ" ಎಂದು ವಿವರಿಸಿದರು. ಆಮೇಲೆ ಮತ್ತೊಮ್ಮೆ ಕ್ಯಾಸೆಟ್ ಹಾಕಿಸಿ, ಕಣ್ಣು ಮುಚ್ಚಿ ಬೆರಳು ಮಡಿಚತೊಡಗಿದರು. ಮೂರು ಮಡಿಚಿ, ಸ್ವಲ್ಪ ತಡೆದು, ನಾಲ್ಕನೆಯದನ್ನೂ ಮಡಿಚಿದರು.

"ಮೂರು ಮಂದಿ ಹಾಡ್ಲಕತ್ತಾರ. ನಿಮ್ಮನ್ನ ಬಿಟ್ರ ಇನ್ನೊಬ್ಬಾಕಿ ಸುಮ್ಮ ಕುಂತಾಳ. ಬಾಗಲ ಕಡಿ. ವಯಸ್ಸಾದಾಕಿ, ಉಸಿರು ಸಣ್ಣದದ."

ಅಜ್ಜಿ! ಬಾಗಿಲ ಬಳಿ ಹೂಬತ್ತಿ ಹೊಸೆಯುತ್ತಾ ಕುಳಿತಿರುತ್ತಿದ್ದ ಅಜ್ಜಿಯನ್ನು ನಾನು ಆ ಟೇಪಿನಲ್ಲಿ ಯಾವತ್ತೂ ಹುಡುಕಿರಲಿಲ್ಲ. ಆಕೆ ಅಲ್ಲಿದ್ದಳು ಎಂಬುದೇ ಮರೆತಿತ್ತು.

ಕಾಕಾ ಹೊಸ ಪ್ರೀಆಂಪ್ ಕಟ್ಟಿಕೊಡಲು ಒಪ್ಪಿದರು. ಅಂಗಡಿಯ ಗದ್ದಲದಲ್ಲಿ ಆಗದ ಕೆಲಸ, ಕಮಲಾಪುರದ ಮನೆಯಲ್ಲೇ ಮಾಡುತ್ತೇನೆ, ಕ್ಯಾಸೆಟ್ ಬೇಕು ಅಂದರು. ನಾನು ಹಿಂದೆಮುಂದೆ ನೋಡಿದೆ. "ಅವ್ವಾರು ನಾಕ ದಿನ ನಮ್ಮ ಮನ್ಯಾಗ ಇರ್ಲಿರೀ. ನಾ ನಿಗಾ ಮಾಡ್ತೀನಿ" ಅಂದರು. ಮೊಬೈಲಿಗಾದರೂ ಒಂದು ಕಾಪಿ ಮಾಡಿಟ್ಟುಕೊಳ್ಳಿ ಎಂದು ಸುನಂದಾ ಹೇಳಿದಳು. ಮೊಬೈಲಿಗೆ ಇಳಿಸಿದರೆ ದನಿ ಸಾಯುತ್ತದೆ ಎಂದು ದೊಡ್ಡ ಪಂಡಿತನ ಹಾಗೆ ಅವಳ ಬಾಯಿ ಮುಚ್ಚಿಸಿದೆ. ಇನ್ನೊಂದು ಮಾತನ್ನೂ ಹೇಳಿಬಿಡಬೇಕು. ಕ್ಯಾಸೆಟ್ಟಿನ ಬೆನ್ನಿಗೆ ಒಂದು ಸಣ್ಣ ಪ್ಲಾಸ್ಟಿಕ್ ಚೂರು ಇರುತ್ತದೆ. ಅದನ್ನು ಮುರಿದುಬಿಟ್ಟರೆ ಅದರ ಮೇಲೆ ಮತ್ತೇನೂ ರೆಕಾರ್ಡ್ ಆಗದು. ಅವ್ವನ ಕ್ಯಾಸೆಟ್ಟಿಗೆ ಯಾವ ಊನವೂ ಬರಬಾರದೆಂದು ಅದನ್ನು ಮುರಿಯದೆ ಇಟ್ಟವನು ನಾನೇ.

ಮೂರು ವಾರ ಕಳೆದ ಮೇಲೆ, ಒಂದು ಭಾನುವಾರ ಮಧ್ಯಾಹ್ನ ಬೈಕಿನಲ್ಲಿ ಕಮಲಾಪುರಕ್ಕೆ ಹೋದೆ. ನಮ್ಮ ಕಡೆಯ ಬಿಸಿಲಿನಲ್ಲಿ ಆ ಹೊತ್ತಿಗೆ ಓಣಿಯಲ್ಲಿ ನಾಯಿಯೂ ಇರುವುದಿಲ್ಲ. ಅವರ ಬಾಗಿಲು ಅರ್ಧ ಮುಚ್ಚಿತ್ತು. ಬೈಕು ಇನ್ನೂ ಗುರುಗುಟ್ಟುತ್ತಿರುವಾಗಲೇ ಒಳಗಿನಿಂದ, "ಸಾಕಿನ್ನ, ಬಂದ್ ಮಾಡಪಾ" ಅಂತ ಕೇಳಿಸಿತು.

ನನ್ನ ಕೈ ಆಗಲೇ ಬೈಕಿನ ಚಾವಿ ತಿರುಗಿಸಿ ಬಂದ್ ಮಾಡಿತ್ತು.

ಎಷ್ಟೋ ಹೊತ್ತು ಬೈಕಿನ ಮೇಲೇ ಕುಳಿತಿದ್ದೆ. ಒಳಗೆ ಕಾಕಾ ಯಾರಿಗೋ ಮೆಲ್ಲಗೆ, "ಹೂಂ ಅವ್ವಾರ" ಅನ್ನುತ್ತಿದ್ದರು. ಹೋಗಿ ನೋಡಿದರೆ ಅವರೊಬ್ಬರೇ. ಹೆಂಡತಿ ತೀರಿದ ಮೇಲೆ ಆ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ, ಪಕ್ಕದ ಮನೆಯಲ್ಲಿ ತಂಗಿಯ ಸಂಸಾರ ಇತ್ತು ಅಷ್ಟೆ. ಎದುರಿಗೆ ಒಂದು ಖುರ್ಚಿ, ಅದರ ಮೇಲೆ ಸ್ಪೀಕರು. ಪಕ್ಕದಲ್ಲಿ ಇನ್ನೊಂದು ಖುರ್ಚಿ ಖಾಲಿ ಇತ್ತು. ನಾನು ಕೂರಲು ಹೋದರೆ ತಡೆದರು.

"ಅಲ್ಲಿ ಬ್ಯಾಡ್ರೀ ಸರ್. ಇಕಾಡಿ ಬರ್ರಿ."

ಕಮಲಾಪುರದ ಕೆಂಪು ಬಾಳೆಹಣ್ಣು ಕೊಟ್ಟರು. ತಿನ್ನುವಾಗಲೂ ನನ್ನ ಕಣ್ಣು ಆ ಖಾಲಿ ಖುರ್ಚಿಯ ಕಡೆಗೇ ಹೋಗುತ್ತಿತ್ತು. ಇಷ್ಟು ಖರೆಯಾಗಿದೆಯಲ್ಲ, ಕೊಟ್ಟುಬಿಡಿ ಅಂದೆ. "ಅರ್ಧ ಖರೆ ಆಗ್ಯದ. ಅರ್ಧ ಖರೆ ಪೂರಾ ಸುಳ್ಳಿಗಿಂತ ಖರಾಬ್ರೀ" ಎಂದು ನನ್ನನ್ನು ಸಾಗಹಾಕಿದರು.

ಹದಿನೈದು ದಿನದ ಮೇಲೆ ಅವರು ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದರು. ಉರಿಬಿಸಿಲು. ಕ್ಯಾಸೆಟ್ಟನ್ನು ಟವೆಲಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡಿದ್ದರು. ಒಳಗೆ ಬನ್ನಿ ಅಂದರೂ ಬರಲಿಲ್ಲ.

"ಸರ್, ಕೈ ತಪ್ಪಾಯ್ತು."

ಅವ್ವನ ಆ ಒಂದು ಮಾತನ್ನು ಮತ್ತೆ ಮತ್ತೆ ಹಿಂದಕ್ಕೆ ತಿರುಗಿಸಿ ಕೇಳುತ್ತಿದ್ದವರ ಕೈಯಲ್ಲಿ ಒಂದು ಸಲ ಪ್ಲೇ ಒತ್ತುವಾಗ ರೆಕಾರ್ಡ್ ಗುಂಡಿಯೂ ಒತ್ತಿಹೋಗಿತ್ತು. ನಾನು ಕ್ಯಾಸೆಟ್ ಕಸಿದುಕೊಂಡು ಹೋಗಿ ಡೆಕ್ಕಿಗೆ ಹಾಕಿದೆ. ಭಜನೆ ಮುಗಿಯಿತು. ಅವ್ವನ ಮಾತು ಬರಬೇಕಾದಲ್ಲಿ ಬರೀ ಸುಯ್ ಎಂಬ ಸದ್ದು. ನಶ್ಯದ ಡಬ್ಬಿಯ ಟಕ್ ಟಕ್. ಆಮೇಲೆ ದನಿ ಬಾರದೆ ಕಾಯುತ್ತಿದ್ದ ಕಾಕಾರ ಗಾಬರಿಯ ಮಾತು: "ಎಲ್ಲಿ ಹೋದ್ರಿ ಅವ್ವಾರ?"

ನಾನು ಆಡಬಾರದ್ದನ್ನು ಆಡಿದೆ. ಮೂವತ್ತು ವರ್ಷ ಜೋಪಾನ ಮಾಡಿದ್ದನ್ನು ಮುದುಕನ ಕೈಗೆ ಕೊಟ್ಟದ್ದು ನನ್ನ ತಪ್ಪು, ಇನ್ನು ಮುಖ ತೋರಿಸಬೇಡಿ ಅಂದೆ. ದನಿ ಏರಿಸಿದವರ ಎದುರು ಕಿವಿಗೆ ಹತ್ತಿ ಇಡುತ್ತಿದ್ದ ಮನುಷ್ಯ, ಆವತ್ತು ನಾನು ಬೈದು ಮುಗಿಸುವ ತನಕ ಕೈಯನ್ನು ಜೇಬಿನ ಹತ್ತಿರ ಒಯ್ಯಲಿಲ್ಲ. ಅಷ್ಟನ್ನೂ ಕೇಳಿಸಿಕೊಂಡರು.

"ಅವರು ಹೋಗಿಲ್ರೀ ಸರ್," ಅಂದರು ಕೊನೆಗೆ. "ನನ್ನ ಮಶೀನ್ ಹಳೇದು, ಅದಕ್ಕ ಪೂರಾ ಅಳಸಲಾಕ ಬರಲ್ಲ. ನನ್ನ ದನಿ ಮ್ಯಾಲ ಕುಂತದ, ಅವ್ವಾರು ಕೆಳಗ ಕುಂತಾರ. ಸುಮ್ಮ ಕುಂತಾರ, ಅಷ್ಟೇ."

ನಾನು ಬಾಗಿಲು ಹಾಕಿದೆ. ಅದೇ ಕೊನೆಯ ಭೇಟಿ.

ಏಳೆಂಟು ತಿಂಗಳು ಗಾಜಿಪುರದ ಕಡೆ ತಲೆ ಹಾಕಲಿಲ್ಲ. ಸೂಪರ್ ಮಾರ್ಕೆಟ್ಟಿಗೆ ಹೋಗುವಾಗಲೂ ಆ ಓಣಿ ತಪ್ಪಿಸಿ ಸುತ್ತಿ ಹೋಗುತ್ತಿದ್ದೆ. ಸಿಟ್ಟು ಇಳಿದಮೇಲೆ ನಾಚಿಕೆ ಬಂದು ಕುಳಿತಿತ್ತು. ನಾಳೆ ಹೋದರಾಯಿತು ಅಂದುಕೊಳ್ಳುತ್ತಲೇ ಇದ್ದೆ. ಒಂದು ದಿನ ಅವರ ತಂಗಿ ವಿಳಾಸ ಹುಡುಕಿಕೊಂಡು ಮನೆಗೆ ಬಂದರು. ಕೈಯಲ್ಲಿ ಅದೇ ಟವೆಲಿನಲ್ಲಿ ಸುತ್ತಿದ ಒಂದು ಅಲ್ಯೂಮಿನಿಯಂ ಡಬ್ಬಿ. ಕಾಕಾ ತೀರಿ ತಿಂಗಳಾಗಿತ್ತು.

"ಇದನ್ನ ಸರ್ ಅವರಿಗೇ ಮುಟ್ಟಸು ಅಂದಿದ್ದ್ರೀ ಅಣ್ಣ. ದಿನಾ ಮಧ್ಯಾಹ್ನ ಖಾಲಿ ಖುರ್ಚಿ ಮುಂದ ಕುಂತು ಇದನ್ನೇ ಮಾಡ್ಕೋತ ಇರ್ತಿದ್ದ. ಕ್ಯಾಸೆಟ್ ಇಲ್ಲದ ಹ್ಯಾಂಗ ಮಾಡ್ತಿ ಅಂದ್ರ, 'ಅವರು ಹೇಳ್ತಾರ, ನಾ ಮಾಡ್ತೀನಿ' ಅಂತಿದ್ದ. ಯಾರ್ ಹೇಳ್ತಾರೋ ಏನೋ."

ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿದ ಚೀಟಿಯ ಮೇಲೆ ಒಂದೇ ಪದ: 'ಎಣಸ್ರೀ'.

ಕಾಕಾರ ತಂಗಿ ಹೋದ ಮೇಲೆ ಫ್ಯಾನ್ ಬಂದ್ ಮಾಡಿದೆ. ಸುನಂದಾ ಮಾಳಿಗೆಯ ಮೇಲೆ ಹಪ್ಪಳ ಒಣಗಿಸುತ್ತಿದ್ದಳು. ಹೊರಗೆ ಖೂಬಾ ಪ್ಲಾಟಿನಲ್ಲಿ ಒಂದು ಆಟೋದ ಸದ್ದೂ ಇರಲಿಲ್ಲ. ಡಬ್ಬಿ ಜೋಡಿಸಿ, ಕ್ಯಾಸೆಟ್ ಹಾಕಿ, ಅವರ ಹಾಗೇ ನೆಲದ ಮೇಲೆ ಕುಳಿತು ಕಣ್ಣು ಮುಚ್ಚಿದೆ. ಭಜನೆ ಮುಗಿಯಿತು. ಆ ಜಾಗ ಬಂತು.

ಟಕ್ ಟಕ್. ನಶ್ಯದ ಮೂಗಿನ ಉಸಿರು, ಕಾಕಾರದು. ಒಂದು ಬೆರಳು ಮಡಿಚಿದೆ. ಆ ಉಸಿರಿನ ಕೆಳಗೆ, ಬಹಳ ಕೆಳಗೆ, ಗಾಜಿನ ಬಳೆ ಸರಿದ ಸದ್ದು. ಇನ್ನೊಂದು ಉಸಿರು. ಎರಡನೆಯ ಬೆರಳು ತಾನಾಗಿಯೇ ಮಡಿಚಿಕೊಂಡಿತು.

"ಎಲ್ಲಿ ಹೋದ್ರಿ ಅವ್ವಾರ?" ಎಂದರು ಕಾಕಾ.

"ಸಾಕಿನ್ನ," ಎಂದಳು ಅವ್ವ, ಸಣ್ಣಗೆ, ಆದರೆ ಅವಳದೇ ದನಿ, ಅದರಲ್ಲಿ ಎಳ್ಳಷ್ಟೂ ಅನುಮಾನವಿಲ್ಲ, "ಬಂದ್ ಮಾಡಪಾ."

ನಾನು ಬಂದ್ ಮಾಡಿದೆ. ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಅತ್ತೆ. ಮೆಟ್ಟಿಲಿಳಿದು ಬಂದ ಸುನಂದಾ, ನನ್ನ ಬೆನ್ನಷ್ಟೇ ಕಂಡು, ಪಡಸಾಲೆಯ ಬಾಗಿಲಿಂದಲೇ ಕೇಳಿದಳು:

"ಯಾರೋ ಮಾತಾಡ್ದಂಗ ಆಯ್ತಲ್ರೀ, ಯಾರ್ ಬಂದಾರ? ಎಷ್ಟ್ ಮಂದಿಗಿ ಚಾ ಇಡ್ಲಿ?"

ನಾನು ತಿರುಗದೆ ಎರಡು ಬೆರಳು ಎತ್ತಿ ತೋರಿಸಿದೆ.