ಬಂಗಡೆ ಹಚ್ಚಿದ ಕೈ

ನಾನು ನಿಂತಿದ್ದದ್ದು ಕೇಣಿಯ ಕಡಲ ದಂಡೆಯಲ್ಲಿ, ಮಗುಚಿ ಹಾಕಿದ್ದ ಹಳೆಯ ದೋಣಿಯ ತುದಿಯಲ್ಲಿ, ಮಗಳಿಂದ ನಾಲ್ಕೈದು ಮಾರು ದೂರದಲ್ಲಿ. ಭಾನುವಾರ ಬೆಳಿಗ್ಗೆ, ಮೀನು ಮಾರುವ ಹೆಂಗಸರು ಬುಟ್ಟಿ ಹೊತ್ತು ಅಂಕೋಲೆಯ ಪೇಟೆಗೆ ಹೋಗಿಯಾಗಿತ್ತು. ಇಷ್ಟನ್ನು ಖಚಿತವಾಗಿ ಹೇಳಬಲ್ಲೆ. ಇವತ್ತು ಕಾರವಾರದ ನಮ್ಮ ಮನೆಯಲ್ಲಿ ಬಂಗಡೆ ಮೀನು ತೊಳೆದು, ಸಾಬೂನು ಹಚ್ಚಿದರೂ ಹೋಗದ ವಾಸನೆಯನ್ನು ಕೈಯಲ್ಲಿ ಮೂಸಿದಾಗ ಮೊದಲು ಕಣ್ಣಿಗೆ ಬಂದದ್ದು ಆ ಜಾಗ.

ನಾಯಿ ಸಾಕುವ ವಿಷಯ ನಮ್ಮ ಮನೆಯಲ್ಲಿ ಒಂದಿಡೀ ಮಳೆಗಾಲ ಚರ್ಚೆಯಾಗಿತ್ತು. ಮಗ ಸಂದೀಪನಿಗೆ ಪೊಲೀಸರ ಹತ್ತಿರ ಇರುವಂಥ ದೊಡ್ಡ ನಾಯಿ ಬೇಕು. ಮಗಳು ಅಂಕಿತಾಳಿಗೆ ಆಗ ನಾಲ್ಕು ವರ್ಷ. ಅವಳಿಗೆ ಹಾಸಿಗೆಯಲ್ಲಿ ಮಲಗಿಸಿಕೊಳ್ಳುವಂಥದ್ದು ಬೇಕು. ಹೆಂಡತಿ ಸುಜಾತಾಳದು ಒಂದೇ ಮಾತು: "ಮಕ್ಕಳಿಗೆ ಕಚ್ಚಬಾರ್ದು. ಬಾಕಿ ಎಂತಾದ್ರೂ ಇರ್ಲಿ." ನಾನಂತೂ ಮೊಬೈಲಿನಲ್ಲಿ ವಿಡಿಯೊ ನೋಡಿ ನೋಡಿ, ಮಕ್ಕಳಿರುವ ಮನೆಗೆ ಎಂಥ ನಾಯಿ ತಕ್ಕದ್ದು ಎಂದು ಊಟದ ಹೊತ್ತಿಗೆ ಉಪನ್ಯಾಸ ಕೊಡುತ್ತಿದ್ದೆ. ಅಲ್ಲಿಯವರೆಗೆ ನಾನು ಸಾಕಿದ್ದು ಒಂದು ಗಿಳಿ. ಅದೂ ಹಾರಿಹೋಗಿತ್ತು.

ಆಗ ಕೇಣಿಯಿಂದ ಸುಜಾತಾಳ ಸೋದರತ್ತೆ ದೇವಮ್ಮ ಫೋನ್ ಮಾಡಿ, ತಮ್ಮ ದೋಣಿಯಡಿಗೆ ಕರಿ ನಾಯಿ ಮರಿ ಹಾಕಿದೆ ಎಂದರು. ಮೀನು ಒಣಹಾಕಿದಲ್ಲಿ ಕಾಗೆ ಓಡಿಸುತ್ತ, ತಾನು ಒಂದನ್ನೂ ಮುಟ್ಟದ ನಾಯಿಯಂತೆ ಅದು. ಬಸ್ಸು ಅವರ್ಸಾ ದಾಟುವಷ್ಟರಲ್ಲಿ ಮಕ್ಕಳು ಮರಿಗೆ ಹೆಸರಿಟ್ಟು, ಜಗಳವಾಡಿ, ಬೇರೆ ಹೆಸರಿಟ್ಟಾಗಿತ್ತು. ಅವರ ಸಂಭ್ರಮ ನನಗೂ ಅಂಟಿತ್ತು. ವಾಪಸು ಬರುವಾಗ ಮರಿಗೂ ಟಿಕೆಟ್ ಬೇಕೇ ಎಂದು ಕಂಡಕ್ಟರನನ್ನು ಕೇಳಿದೆ.

"ಮರಿ ಮೊದ್ಲು ಸಿಗ್ಲಿ ಮಾರಾಯ್ರೆ," ಅಂದ.

ದೇವಮ್ಮನ ಮನೆಯವರಿಗೆ ಮರಿ ಆರಿಸಲು ಒಂದು ಪದ್ಧತಿಯಿತ್ತು. ಮಗುವಿನ ಅಂಗೈಗೆ ಹಸಿ ಬಂಗಡೆ ತಿಕ್ಕಿ ಮರಿಗಳ ಮುಂದೆ ಚಾಚಿಸುವುದು. ಹಲ್ಲು ತಾಗಿಸುವ ಮರಿ ಬೇಡ, ಹೆದರಿ ಸರಿಯುವುದೂ ಬೇಡ. ನೆಕ್ಕಿ ಸುಮ್ಮನಾಗುವ ಮರಿ ಆ ಮಗುವಿನದು.

"ಕೈ ತಾ ನನ್ನ ಬಂಗಾರಾ," ಎಂದು ದೇವಮ್ಮ ಅಂಕಿತಾಳ ಕೈಗೆ ಮೀನು ತಿಕ್ಕಿದರು.

"ಅತ್ತೆ, ತಾಯಿ ನಾಯಿ ಎಲ್ಲದೆ?" ಎಂದಳು ಸುಜಾತಾ.

"ಬಲೆ ಬಿಡಿಸೂ ಕಡೆ ಅದೆ. ಅದು ಈಗ ಬರೂದಿಲ್ಲ, ಸುಮ್ನಿರೇ."

ಮೊದಲ ಮರಿ ಬೆರಳು ಜಗ್ಗಿತು. ಎರಡನೆಯದು ದೋಣಿಯಡಿಗೆ ಓಡಿತು. ಮೂರನೆಯದು ಅಂಗೈ ನೆಕ್ಕಿ, ಅಂಕಿತಾಳ ಪಾದದ ಮೇಲೆ ತನ್ನದೇ ಜಾಗವೆಂಬಂತೆ ಕೂತುಬಿಟ್ಟಿತು. ನಾವೆಲ್ಲ ಒಟ್ಟಿಗೇ ನಕ್ಕೆವು. ಆ ನಗುವಿನಲ್ಲಿ ಹಿಂದೆ ತಿರುಗಿ ನೋಡಿದವರಿಲ್ಲ.

ಕರಿ ನಾಯಿ ಬೊಗಳಲಿಲ್ಲ, ಗುರುಗುಟ್ಟಲಿಲ್ಲ. ಬಂದದ್ದೇ ಮಗಳ ಕೈಯನ್ನು ಮಣಿಕಟ್ಟಿನವರೆಗೆ ಬಾಯಲ್ಲಿ ಹಿಡಿದು ನಿಂತಿತು.

ನಾನು ದೋಣಿಯ ತುದಿಯಲ್ಲೇ ನಿಂತಿದ್ದೆ. "ಯಾರೂ ಓಡೂದು ಬೇಡ," ಎಂದ ದೇವಮ್ಮನ ದನಿಯೇ ನಡುಗುತ್ತಿತ್ತು. ಅಂಕಿತಾ ಅಳಲಿಲ್ಲ. ನನ್ನ ಕಡೆ ನೋಡಿ, "ಅಪ್ಪಾ, ಒಳಗೆ ಬಿಸಿ ಅದೆ," ಅಂದಳು.

ನಾಯಿಯ ಕಣ್ಣು ಮರಿಯ ಮೇಲಿತ್ತು. ಮರಿ ಪಾದದಿಂದಿಳಿದು, ತಾಯಿಯ ಹೊಟ್ಟೆಯಡಿಗೆ ನುಗ್ಗಿ ಹಾಲು ಕುಡಿಯತೊಡಗಿತು. ಆಗ ನಾಯಿ ಬಾಯಿ ಬಿಟ್ಟಿತು. ಬಿಟ್ಟು, ಆ ಅಂಗೈಯನ್ನು ಬೆರಳಸಂದಿಯ ಸಮೇತ ನೆಕ್ಕಿತು. ನಾನು ಓಡಿಹೋಗಿ ಕೈ ಹಿಡಿದು ತಿರುವಿ ತಿರುವಿ ನೋಡಿದೆ. ಜೊಲ್ಲು, ಮರಳು, ಒಂದು ಮೀನಿನ ಹುರುಪೆ. ಗೀರು ಕೂಡ ಇರಲಿಲ್ಲ.

ದೇವಮ್ಮ ಮರಳಲ್ಲೇ ಕುಸಿದು ಕೂತರು. ಇನ್ನು ನಾಯಿಯ ಮಾತೇ ಇಲ್ಲ, ಮುಂದಿನ ಬಸ್ಸಿಗೆ ಕಾರವಾರಕ್ಕೆ ವಾಪಸು ಎಂದುಕೊಂಡೆ. ಸುಜಾತಾ ಮಗಳನ್ನು ಸೊಂಟದ ಮೇಲೆ ಎತ್ತಿಕೊಂಡು, ಬಹಳ ಹೊತ್ತು ಆ ನಾಯಿಯನ್ನೇ ನೋಡಿದಳು.

"ಇದ್ರ ಮರಿನೇ ಬೇಕು," ಎಂದಳು. "ನಿಮ್ಮ ಬಂಗಡೆ ಮಾತ್ರ ಇನ್ನು ಸಾರಿಗೇ ಇರ್ಲಿ, ಅತ್ತೆ."

ಮರಿ ಹಾಲು ಬಿಟ್ಟ ಮೇಲೆ ಅದನ್ನು ಮನೆಗೆ ತಂದೆವು. ಸೋನು ಎಂದು ಕರೆದೆವು.

ಅಂಕಿತಾ ಈಗ ಹೈಸ್ಕೂಲು. ಅವಳಿಗೆ ಇದೊಂದೂ ನೆನಪಿಲ್ಲ. ಅಪ್ಪ ಕಟ್ಟಿದ ಕತೆ ಎನ್ನುತ್ತಾಳೆ. ಕರಿ ನಾಯಿ ಹೋಗಿ ಎಷ್ಟೋ ಕಾಲವಾಯಿತು. ಅದಕ್ಕೇ ಕಂಡವರ ಹೆಸರು ಬರೆದಿಡುತ್ತಿದ್ದೇನೆ. ಕೇಣಿಯಲ್ಲಿ ದೇವಮ್ಮ ಇದ್ದಾರೆ; ತಾನು ಹೆದರಲೇ ಇಲ್ಲ ಎಂಬ ಒಂದು ವಿಷಯ ಬಿಟ್ಟು ಉಳಿದದ್ದೆಲ್ಲ ಸರಿಯಾಗಿ ಹೇಳುತ್ತಾರೆ. ಸಂದೀಪ ಇದ್ದಾನೆ, ಕೇಳಿದರೆ ಒಂದು ಗುರುಗುಟ್ಟುವಿಕೆಯನ್ನು ಸೇರಿಸಿ ಹೇಳುತ್ತಾನೆ. ಸುಜಾತಾ ಇಲ್ಲೇ ಒಲೆಯ ಮುಂದಿದ್ದಾಳೆ. ಮತ್ತೆ ಸೋನು, ಮೂತಿಯೆಲ್ಲ ನರೆತವಳು. ವಾಸನೆ ಹೋಗದ ನನ್ನ ಕೈಯನ್ನು ಈಗಷ್ಟೇ ನೆಕ್ಕಿ, ಸುಮ್ಮನಾಗಿ ನನ್ನ ಪಾದದ ಮೇಲೆ ಕೂತಿದ್ದಾಳೆ.